ದೇಹದ ನಡುನಾಡು



ಬೆಂಗಳೂರಿನಿಂದ ಹುಬ್ಬಳ್ಳಿಗೋ ಪುಣೆಗೋ ಹೊರಟ ಪ್ರಯಾಣಿಕನು ಹಿರಿಯೂರಿನಲ್ಲಿ ಕಾಫಿ ಕುಡಿದು, ಚಿತ್ರದುರ್ಗದ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳನ್ನು ಕಿಟಕಿಯಿಂದಲೇ ನೋಡಿ, ಇನ್ನೆಷ್ಟು ದೂರವೆಂದು ಪಕ್ಕದವನನ್ನು ಕೇಳುತ್ತ ಮುಂದಕ್ಕೆ ಸಾಗಿಬಿಡುವುದು ವಾಡಿಕೆ. ಆತನ ಪಾಲಿಗೆ ಈ ಜಿಲ್ಲೆಯೆಂಬುದು ಎರಡು ಊರುಗಳ ನಡುವಣ ಅಂತರ ಮಾತ್ರ. ಮಧ್ಯ ಕರ್ನಾಟಕವೆಂದು ನಮಗೆ ಹೆಸರಿಟ್ಟವರ ಮನಸ್ಸಿನಲ್ಲಿಯೂ ಇದಕ್ಕಿಂತ ಹೆಚ್ಚಿನ ಗೌರವವಿತ್ತೆಂದು ನಾನು ನಂಬಲಾರೆ. ಇಲ್ಲಿ ಹುಟ್ಟಿ ಬೆಳೆದವರಿಗಾದರೋ ಈ ನಡುವೆ ಎಂಬ ಸ್ಥಳದಲ್ಲಿ ಎಷ್ಟು ಮನೆಗಳಿವೆ, ಎಷ್ಟು ಕಸುಬುಗಳಿವೆ, ಎಷ್ಟು ಸಂಕಟಗಳಿವೆ ಎಂಬುದು ಗೊತ್ತು. ಶರೀರದಲ್ಲಿಯೂ ಇಂತಹ ನಡುನಾಡೊಂದು ಉಂಟು. ಅದಕ್ಕೂ ಇಂತಹುದೇ ಅವಜ್ಞೆ ಪ್ರಾಪ್ತವಾಗಿದೆ. ಅದನ್ನು ಕುರಿತು ನಾಲ್ಕು ಮಾತನ್ನು ಆಡಲು ಚಿತ್ರದುರ್ಗಕ್ಕಿಂತ ತಕ್ಕ ಊರು ನನಗೆ ತೋರಲಿಲ್ಲ.

ಅವಯವಗಳ ಒಳಹೊರಗನ್ನು ಹೊದೆಯುವ ಅನುಲೇಪಕ ಅಂಗಾಂಶ, ಚಲನೆಯನ್ನುಂಟುಮಾಡುವ ಮಾಂಸಖಂಡಗಳ ಅಂಗಾಂಶ, ಸಂವೇದನೆಯನ್ನು ಒಯ್ಯುವ ನರಗಳ ಅಂಗಾಂಶ ಎಂಬ ಮೂರನ್ನು ಸಾವಕಾಶವಾಗಿ ವಿವರಿಸಿದ ತರುವಾಯ, ಉಳಿದುದನ್ನೆಲ್ಲ, ಅಂದರೆ ಈ ನಡುನಾಡನ್ನು, ಒಂದೇ ಮೂಟೆಯಲ್ಲಿ ಕಟ್ಟಿ ಸಂಯೋಜಕ ಅಂಗಾಂಶವೆಂದು ಹೆಸರಿಡುವುದು ಗ್ರಂಥಗಳ ಪದ್ಧತಿ. ಚರ್ಮದ ಕೆಳಗಿನ ಸಡಿಲ ಪೊರೆ, ಕೊಬ್ಬು, ತೊಗಲು, ಕೀಲನ್ನು ಬಿಗಿಯುವ ಅಸ್ಥಿರಜ್ಜು, ಮಾಂಸಖಂಡವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು, ಕಿವಿಯ ಮೃದ್ವಸ್ಥಿ, ತೊಡೆಯ ಮೂಳೆ, ಕೊನೆಗೆ ಹರಿಯುವ ರಕ್ತ, ಇವೆಲ್ಲವೂ ಆ ಮೂಟೆಯಲ್ಲಿವೆ. ರಕ್ತಕ್ಕೂ ಮೂಳೆಗೂ ಯಾವ ಬಂಧುತ್ವವೆಂದು ವಿದ್ಯಾರ್ಥಿಯು ಕೇಳಿದರೆ, ಭ್ರೂಣದ ಮಧ್ಯಸ್ತರದಿಂದ ಇವು ಬಹುಮಟ್ಟಿಗೆ ಹುಟ್ಟುತ್ತವೆ ಎಂಬುದು ಒಂದು ಉತ್ತರ. ಎರಡನೆಯದು ನನಗೆ ಹೆಚ್ಚು ರುಚಿಸಿದ ಉತ್ತರ: ಇತರ ಅಂಗಾಂಶಗಳಲ್ಲಿ ಜೀವಕೋಶಗಳು ಜಾತ್ರೆಯ ಜನದಂತೆ ಒತ್ತೊತ್ತಾಗಿ ನಿಂತಿರುತ್ತವೆ, ಇಲ್ಲಿ ಮಾತ್ರ ಅವು ವಿರಳವಾಗಿದ್ದು, ಅವುಗಳ ನಡುವೆ ಇರುವ ಮಾತೃಕೆಯೇ ವಿಪುಲವಾಗಿರುತ್ತದೆ. ಮಾತೃಕೆಯೆಂದರೆ ನಾರು ಮತ್ತು ಆ ನಾರುಗಳ ನಡುವೆ ತುಂಬಿರುವ ಲೋಳೆಯಂತಹ ಆಧಾರದ್ರವ್ಯ. ಕೋಶವೆಂಬುದು ಒಂಟಿಮನೆ, ಮಾತೃಕೆಯೆಂಬುದು ಸುತ್ತಲಿನ ಹೊಲ ಎಂದು ಸದ್ಯಕ್ಕೆ ಇಟ್ಟುಕೊಳ್ಳೋಣ.

ಅಂಗಾಂಶಗಳೆಂಬ ವಿಭಾಗವನ್ನೇ ಶಾಸ್ತ್ರಕ್ಕೆ ತಂದುಕೊಟ್ಟ ಫ್ರಾನ್ಸಿನ ಬಿಷಾ ಎಂಬ ವೈದ್ಯನು 1801ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇಪ್ಪತ್ತೊಂದು ಬಗೆಯ ಅಂಗಾಂಶಗಳನ್ನು ಎಣಿಸಿದನು. ಆತನು ಸೂಕ್ಷ್ಮದರ್ಶಕವನ್ನು ನಂಬುತ್ತಿರಲಿಲ್ಲ. ಕೊಯ್ದು, ಬೇಯಿಸಿ, ಒಣಗಿಸಿ, ಕೊಳೆಯಿಸಿ, ಆಮ್ಲದಲ್ಲಿ ನೆನೆಯಿಸಿ, ಯಾವುದು ಹೇಗೆ ವರ್ತಿಸುವುದೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಪರೀಕ್ಷಿಸಿದನು. ಮರುವರ್ಷವೇ ಮೂವತ್ತರ ವಯಸ್ಸಿನಲ್ಲಿ ತೀರಿಹೋದನು. ಬೇಯಿಸುವುದು, ಒಣಗಿಸುವುದು, ನೆನೆಯಿಸುವುದು ಎಂಬ ಈ ಮೂರು ಕ್ರಿಯಾಪದಗಳನ್ನು ದಯಮಾಡಿ ನೆನಪಿನಲ್ಲಿಡಿರಿ. ನಮ್ಮ ಜಿಲ್ಲೆಯಲ್ಲಿ ಇವನ್ನು ಬಲ್ಲವರು ಬಿಷಾನಿಗೆ ಬಹಳ ಮೊದಲೇ ಇದ್ದರು.

ಮುಂದೆ ಹೋಗುವುದಕ್ಕೆ ಮೊದಲು ಶಬ್ದದ ತೊಡಕೊಂದನ್ನು ಬಿಡಿಸಬೇಕಾಗಿದೆ. ಇಂದಿನ ಪಠ್ಯಪುಸ್ತಕಗಳಲ್ಲಿ ಸ್ನಾಯುವೆಂದರೆ ಮಾಂಸಖಂಡ. ಆಯುರ್ವೇದದ ಸುಶ್ರುತನಲ್ಲಿ ಹಾಗಲ್ಲ, ಮಾಂಸಖಂಡಕ್ಕೆ ಆತನು ಪೇಶಿ ಎನ್ನುತ್ತಾನೆ, ಅವು ಐನೂರು, ಸ್ನಾಯುವೆಂದರೆ ಬಂಧಿಸುವ ನಾರು, ಅವು ಒಂಬೈನೂರು. ಹಲಗೆಗಳನ್ನು ಹಲವು ಹಗ್ಗಗಳಿಂದ ಬಿಗಿದ ದೋಣಿಯು ಹೇಗೆ ನೀರಿನ ಮೇಲೆ ಭಾರವನ್ನು ಹೊರಬಲ್ಲುದೋ ಹಾಗೆಯೇ ಸ್ನಾಯುಗಳಿಂದ ಬಿಗಿದ ಸಂಧಿಗಳಿಂದ ಮನುಷ್ಯನು ಭಾರವನ್ನು ಹೊರುತ್ತಾನೆಂಬ ಉಪಮೆಯೂ ಅಲ್ಲಿಯೇ ಇದೆ. ಕಾಲಾಂತರದಲ್ಲಿ ಹಗ್ಗದ ಹೆಸರು ಎಳೆಯುವವನ ಪಾಲಾಯಿತು. ಹಗ್ಗಕ್ಕೆ ನಾವು ಸ್ನಾಯುರಜ್ಜು ಎಂಬ ಜೋಡುಪದವನ್ನು ಹೊಸೆಯಬೇಕಾಯಿತು. ಹಳ್ಳಿಯಲ್ಲಿ ಇವೆಲ್ಲಕ್ಕೂ ನರ ಎಂದೇ ಹೆಸರು. ಹಿಮ್ಮಡಿಯ ಮೇಲಿನ ದಪ್ಪ ಹುರಿಯನ್ನು ಮುಟ್ಟಿ ನರವೆಂದರೆ ವೈದ್ಯನು ನಗುತ್ತಾನೆ. ಆತನ ಪುಸ್ತಕದ ಶಬ್ದವೇ ಸ್ಥಾನಭ್ರಷ್ಟವಾಗಿರುವಾಗ ಆ ನಗುವಿಗೆ ಅಧಿಕಾರವೆಲ್ಲಿಯದು?

ಚಿತ್ರದುರ್ಗದಲ್ಲಿ ನಿಂತು ಬಂಧ, ಸಂಯೋಜನೆ ಎಂದು ಮಾತನಾಡುವವನಿಗೆ ಏಳು ಸುತ್ತಿನ ಕೋಟೆಯ ಹೋಲಿಕೆ ನಾಲಗೆಯ ತುದಿಯಲ್ಲಿಯೇ ಇರುತ್ತದೆ. ಅದನ್ನು ನಾನು ಬೇಕೆಂದೇ ಬಿಡುತ್ತೇನೆ. ಗೋಡೆಯನ್ನು ಕಟ್ಟಿದ ಒಡ್ಡರು ಕಲ್ಲಿಟ್ಟು ಮನೆಗೆ ಹೋದರು; ಕಲ್ಲು ಅಂದು ಇಟ್ಟಲ್ಲಿಯೇ ಇಂದೂ ಇದೆ. 1907ರಲ್ಲಿ ಮುಗಿದ ಮಾರಿಕಣಿವೆಯ ಕಟ್ಟೆಯಲ್ಲಿಯೂ ಕಲ್ಲು ಗಾರೆಗಳ ಬೆಸುಗೆ ಒಮ್ಮೆ ಆದದ್ದು ಆಯಿತು. ಶರೀರದ ಮಾತೃಕೆಯಲ್ಲಾದರೋ ಕಟ್ಟಿದವರು ಗೋಡೆಯೊಳಗೇ ವಾಸಿಸುತ್ತಾರೆ. ದಿನವೂ ಒಂದಿಷ್ಟು ಕೆಡವುತ್ತಾರೆ, ಒಂದಿಷ್ಟು ಕಟ್ಟುತ್ತಾರೆ. ಗೋಡೆಯ ಮೇಲೆ ಭಾರ ಹೆಚ್ಚಿದರೆ ಅದನ್ನು ತಿಳಿದು ದಪ್ಪ ಮಾಡುತ್ತಾರೆ. ಅಂತಹ ಕೋಟೆ ಮದಕರಿನಾಯಕನಿಗೆ ಇದ್ದಿದ್ದರೆ ಕೋಟೆ ಕೈತಪ್ಪಿದ 1779ರ ಕಥೆ ಬೇರೆಯಾಗುತ್ತಿತ್ತೋ ಏನೋ.

ಕೋಟೆಯನ್ನು ಬಿಟ್ಟು ನಾನು ತಂಗಡಿ ಗಿಡದ ಬಳಿಗೆ ಹೋಗುತ್ತೇನೆ. ಕೆಲವರು ಆವರಿಕೆ ಎನ್ನುವ, ಹಿರಿಯೂರಿನ ಬೀಳುಗಳಲ್ಲಿ ಮಳೆಯಿಲ್ಲದ ವರ್ಷವೂ ಹಳದಿ ಹೂ ಬಿಡುವ ಈ ಪೊದೆಯ ತೊಗಟೆಯಲ್ಲಿ ಒಗರು ದ್ರವ್ಯವಿದೆ. ತೊಗಲನ್ನು ಹದಮಾಡುವುದು ಅದರಿಂದಲೇ. ಕುರಿಯ ಚರ್ಮವನ್ನು ಮೊದಲು ಸುಣ್ಣದ ನೀರಿನಲ್ಲಿ ನೆನೆಯಿಟ್ಟರೆ ಉಣ್ಣೆಯೂ ಮೇಲ್ಪೊರೆಯೂ ಸಡಿಲಗೊಂಡು ಕಿತ್ತುಬರುತ್ತವೆ. ಒಳಮೈಗೆ ಅಂಟಿದ ಕೊಬ್ಬು ಮಾಂಸಗಳನ್ನು ಕತ್ತಿಯಿಂದ ಹೆರೆದು ತೆಗೆಯುತ್ತಾರೆ. ನಡುವೆ ಉಳಿಯುವ ಬಿಳಿಯ ಹಾಳೆಯೇ ತೊಗಲು. ಇದನ್ನು ದೇಹಶಾಸ್ತ್ರದ ಭಾಷೆಗೆ ತಿರುಗಿಸಿದರೆ, ಹದಗಾರನು ಮೇಲಿನ ಅನುಲೇಪಕ ಅಂಗಾಂಶವನ್ನೂ ಕೆಳಗಿನ ಮೇದಸ್ಸನ್ನೂ ಬೇರ್ಪಡಿಸಿ, ದಟ್ಟವಾದ ಸಂಯೋಜಕ ಅಂಗಾಂಶವನ್ನು ಶುದ್ಧರೂಪದಲ್ಲಿ ಪಡೆದನೆಂದಾಯಿತು. ಉಣ್ಣೆಯ ವಸ್ತುವೇ ಬೇರೆ, ತೊಗಲಿನ ವಸ್ತುವೇ ಬೇರೆ. ಚಳ್ಳಕೆರೆಯ ಕಂಬಳಿಯೂ ಅದೇ ಕುರಿಯ ತೊಗಲೂ ಎರಡು ಪ್ರತ್ಯೇಕ ಪ್ರೋಟೀನುಗಳೆಂದು ರಸಾಯನಜ್ಞನು ಹೇಳುವ ಮುನ್ನವೇ ಸುಣ್ಣದ ಗುಣಿಯು ಅವನ್ನು ವಿಂಗಡಿಸಿತ್ತು.

ಆ ಬಿಳಿಯ ಹಾಳೆಯಲ್ಲಿ ನಾರುಗಳು ಯಾವ ದಿಕ್ಕಿಗೂ ಬದ್ಧವಾಗದೆ ಒಂದರಮೇಲೊಂದು ಹೆಣೆದುಕೊಂಡಿರುತ್ತವೆ. ಆದುದರಿಂದಲೇ ತೊಗಲನ್ನು ಯಾವ ಕಡೆಗೆ ಎಳೆದರೂ ಅದು ಹರಿಯದು. ಹಿಮ್ಮಡಿಯ ರಜ್ಜುವಿನಲ್ಲಿ ಅದೇ ನಾರು ಒಂದೇ ದಿಕ್ಕಿಗೆ ಸಾಲುಹಿಡಿದಿದೆ, ಏಕೆಂದರೆ ಅದನ್ನು ಎಳೆಯುವುದು ಒಂದೇ ದಿಕ್ಕಿಗೆ. ಹದಮಾಡದೆ ಒಣಗಿಸಿದ ತೊಗಲನ್ನು ನೀವೆಲ್ಲರೂ ಕಂಡಿದ್ದೀರಿ. ತಮಟೆ ಬಾರಿಸುವವನು ಮೊದಲು ಹುಲ್ಲಿಗೆ ಬೆಂಕಿಯಿಟ್ಟು ಅದನ್ನು ಕಾಯಿಸುತ್ತಾನಲ್ಲವೆ? ನಾರುಗಳ ನಡುವಣ ತೇವವು ಆರಿದಂತೆ ತೊಗಲು ಬಿಗಿದು, ಧ್ವನಿಯು ಏರುತ್ತದೆ. ಮಳೆಗಾಲದ ತೇವಕ್ಕೆ ಅದು ಮತ್ತೆ ಸಡಿಲುತ್ತದೆ. ತೊಗಲುಗೊಂಬೆಯವರು ಆಡಿನ ತೊಗಲನ್ನು ಬೆಳಕು ಹಾಯುವಷ್ಟು ತೆಳ್ಳಗೆ ಹೆರೆದು, ಬಣ್ಣವಿಟ್ಟು, ದೀಪದ ಮುಂದೆ ಹಿಡಿಯುತ್ತಾರೆ. ಪರದೆಯ ಮೇಲೆ ಗರ್ಜಿಸುವ ರಾವಣನು ಕೇವಲ ಸಂಯೋಜಕ ಅಂಗಾಂಶವೆಂದು ಆಟದ ನಡುವೆ ಪಕ್ಕದವರ ಕಿವಿಯಲ್ಲಿ ಉಸುರಿ ನಾನೊಮ್ಮೆ ಬೈಸಿಕೊಂಡಿದ್ದೇನೆ.

ತೊಗಟೆಯ ಒಗರು ಮಾಡುವ ಕೆಲಸವಾದರೂ ಏನು? ಹಸಿ ತೊಗಲನ್ನು ನೀರಿನಲ್ಲಿ ಬಿಸಿಮಾಡುತ್ತ ಹೋದರೆ ಸುಮಾರು 60 ಡಿಗ್ರಿ ಸೆಲ್ಸಿಯಸ್ ಮೀರಿದೊಡನೆ ಅದು ಫಕ್ಕನೆ ಮುದುಡಿ ಕುಗ್ಗುತ್ತದೆ. ಇನ್ನೂ ಕುದಿಸಿದರೆ ಕರಗಿ ಸರೇಸಾಗುತ್ತದೆ, ಬಡಗಿಯ ಅಂಟು ಅದೇ. ಮೇಕೆಯ ಕಾಲುಸೂಪು ಆರಿದ ಮೇಲೆ ಹೆಪ್ಪುಗಟ್ಟುವುದೂ ಇದೇ ಕಾರಣದಿಂದ. ತಂಗಡಿಯ ಒಗರು ನಾರಿನ ಎಳೆಗಳ ನಡುವೆ ಹೊಕ್ಕು ಒಂದನ್ನೊಂದಕ್ಕೆ ಹೆಣೆದುಬಿಡುವುದರಿಂದ ಹದಗೊಂಡ ತೊಗಲು 80 ಡಿಗ್ರಿಯ ಸುಮಾರಿನವರೆಗೂ ತಾಳುತ್ತದೆ, ಕೊಳೆಸುವ ಸೂಕ್ಷ್ಮಜೀವಿಗಳಿಗೂ ಜಗ್ಗುವುದಿಲ್ಲ. ಬಿಷಾ ಮಾಡಿದ ಪ್ರಯೋಗಗಳು ಇವೇ ಅಲ್ಲವೆ? ಆದರೆ ಬಿಷಾನಿಗೆ ಕೀರ್ತಿ ಬಂದಿತು. ನಮ್ಮ ಹದಗಾರನಿಗೆ ಊರ ಹೊರಗಿನ ಕೇರಿ ಬಂದಿತು. ಸತ್ತ ದನದ ಚರ್ಮವನ್ನು ಮುಟ್ಟಿದನೆಂದು ಮಾದಿಗನನ್ನು ಮುಟ್ಟದ ಸಮಾಜವು ಆತನ ಕೈಯಿಂದ ಬಂದ ಬಾವಿಯ ಕಪಿಲೆಯ ಚೀಲದಿಂದ ನೀರೆತ್ತಿ ಹೊಲಕ್ಕೆ ಹಾಯಿಸಿತು, ಆತನ ಮೆಟ್ಟನ್ನು ಮೆಟ್ಟಿತು, ಆತನ ತಮಟೆಯಿಲ್ಲದೆ ದೇವರ ಮೆರವಣಿಗೆಯನ್ನು ಹೊರಡಿಸಲಿಲ್ಲ. ಮಾದಾರ ಚನ್ನಯ್ಯ ಗುರುಪೀಠವಿರುವ ಈ ಊರಿನಲ್ಲಿ ಇದನ್ನು ಹೆಚ್ಚು ವಿಸ್ತರಿಸಿ ಹೇಳಬೇಕಾಗಿಲ್ಲ. ತನ್ನ ಮತ್ತು ತನ್ನ ಪತ್ನಿಯ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಪಾದರಕ್ಷೆ ಮಾಡಿದ ಹರಳಯ್ಯನ ಕಥೆಯನ್ನು ಬಾಲ್ಯದಲ್ಲಿ ಕೇಳಿದಾಗ ನಾನು ಭಕ್ತಿಯನ್ನು ಮಾತ್ರ ಕಂಡೆ. ಶವಚ್ಛೇದದ ಮೇಜಿನ ಮುಂದೆ ನಿಂತ ಮೇಲೆ, ಆ ಕಥೆಯನ್ನು ಕಟ್ಟಿದವರಿಗೆ ಮನುಷ್ಯನ ತೊಗಲೂ ದನದ ತೊಗಲೂ ಒಂದೇ ಹದಕ್ಕೆ ಒಳಪಡುವ ಒಂದೇ ವಸ್ತುವೆಂದು ತಿಳಿದಿತ್ತೆಂಬುದನ್ನೂ ಕಂಡೆ.

ಆ ವಸ್ತುವಿನ ಹೆಸರು ಕೊಲಾಜೆನ್. ಸರೇಸನ್ನು ಹುಟ್ಟಿಸತಕ್ಕದ್ದು ಎಂದು ಗ್ರೀಕ್ ಮೂಲದ ಅರ್ಥ. ಶರೀರದ ಒಟ್ಟು ಪ್ರೋಟೀನಿನಲ್ಲಿ ಕಾಲುಭಾಗಕ್ಕೂ ಮೀರಿ ಇದೇ ಇದೆ. ಇದರ ಅಣುವಿನ ವಿನ್ಯಾಸವು ಬೆಳಕಿಗೆ ಬಂದ ಬಗೆಯಲ್ಲಿ ನಮ್ಮ ನೆರೆಹೊರೆಗೂ ಸ್ವಲ್ಪ ಪಾಲಿರುವುದರಿಂದ ಅದನ್ನು ವಿವರವಾಗಿ ಹೇಳುತ್ತೇನೆ. ಬೆಂಗಳೂರಿನ ವಿಜ್ಞಾನಮಂದಿರದಲ್ಲಿ ಸಿ. ವಿ. ರಾಮನ್ನರ ಶಿಷ್ಯರಾಗಿದ್ದ ಜಿ. ಎನ್. ರಾಮಚಂದ್ರನ್ ಅವರು 1952ರಲ್ಲಿ ಮದರಾಸು ವಿಶ್ವವಿದ್ಯಾಲಯದ ಭೌತಶಾಸ್ತ್ರ ಪ್ರಾಧ್ಯಾಪಕರಾಗಿ ಹೋದರು. ಅಲ್ಲಿಗೆ ಭೇಟಿಯಿತ್ತ ಇಂಗ್ಲೆಂಡಿನ ವಿಜ್ಞಾನಿ ಬರ್ನಾಲರು, ಕೊಲಾಜೆನಿನ ರಚನೆಯು ಇನ್ನೂ ಬಗೆಹರಿದಿಲ್ಲವೆಂದು ಮಾತಿನ ನಡುವೆ ಅಂದರು. ಸಮೀಪದಲ್ಲಿಯೇ ಕೇಂದ್ರೀಯ ಚರ್ಮ ಸಂಶೋಧನಾಲಯವಿತ್ತು. ಶುದ್ಧವಾದ ಕೊಲಾಜೆನ್ ಬೇಕಾದವನು ಚರ್ಮದವರನ್ನಲ್ಲದೆ ಇನ್ನಾರನ್ನು ಕೇಳಬೇಕು? ಅಲ್ಲಿಂದ ದೊರೆತ ಕಾಂಗರೂವಿನ ಬಾಲದ ರಜ್ಜುವಿನ ಮೂಲಕ ಎಕ್ಸ್ ಕಿರಣಗಳನ್ನು ಹಾಯಿಸಿ, ರಾಮಚಂದ್ರನ್ ಮತ್ತು ಗೋಪಿನಾಥ ಕರ್ತಾ ಅವರು 1954ರಲ್ಲಿ ಮೂರು ಎಳೆಗಳ ವಿನ್ಯಾಸವನ್ನು ಪ್ರಕಟಿಸಿದರು. ಮರುವರ್ಷ, ಆ ಮೂರೂ ಒಂದನ್ನೊಂದು ಸುತ್ತಿಕೊಂಡು ಹುರಿಯಾಗಿವೆಯೆಂದು ತಿದ್ದಿದರು. ಎಳೆಗಳ ನಡುವಣ ಬಂಧಗಳ ಸಂಖ್ಯೆಯ ವಿಷಯದಲ್ಲಿ ಕ್ರಿಕ್ ಮತ್ತು ರಿಚ್ ಎಂಬ ವಿಜ್ಞಾನಿಗಳಿಗೂ ಇವರಿಗೂ ವಾದ ನಡೆಯಿತು; ಹುರಿಯ ಮೂಲ ಕಲ್ಪನೆ ಮಾತ್ರ ನಿಂತಿತು. 1970ರ ಸುಮಾರಿಗೆ ರಾಮಚಂದ್ರನ್ ಅವರು ಬೆಂಗಳೂರಿಗೆ ಮರಳಿ, ಅಣುಜೀವಭೌತಶಾಸ್ತ್ರದ ವಿಭಾಗವನ್ನು ಕಟ್ಟಿದರು.

ಹೊಸದುರ್ಗ ಹೊಳಲ್ಕೆರೆಗಳ ತೆಂಗಿನ ತೋಟದವರಿಗೆ ಈ ಹುರಿಯನ್ನು ವಿವರಿಸುವುದು ಸುಲಭ. ಹಗ್ಗ ಹೊಸೆಯುವವನು ಪ್ರತಿಯೊಂದು ಎಳೆಯನ್ನೂ ಒಂದು ದಿಕ್ಕಿಗೆ ತಿರುಚಿ, ಅಂತಹ ಮೂರು ಎಳೆಗಳನ್ನು ಕೂಡಿಸುವಾಗ ವಿರುದ್ಧ ದಿಕ್ಕಿಗೆ ತಿರುಚುತ್ತಾನೆ. ಒಂದರ ಬಿಚ್ಚುವ ಬಯಕೆಯನ್ನು ಇನ್ನೊಂದು ತಡೆಯುವುದರಿಂದ ಹುರಿ ನಿಲ್ಲುತ್ತದೆ. ಕೊಲಾಜೆನಿನಲ್ಲಿಯೂ ಒಂದೊಂದು ಎಳೆ ಎಡಸುತ್ತು, ಮೂರು ಕೂಡಿದ ಹುರಿ ಬಲಸುತ್ತು. ಎಳೆಯೊಂದರಲ್ಲಿ ಸುಮಾರು ಸಾವಿರ ಅಮೈನೋ ಆಮ್ಲಗಳು; ಪ್ರತಿ ಮೂರನೆಯದೂ ಗ್ಲೈಸಿನ್. ಹುರಿಯ ಒಳಗಣ ಇಕ್ಕಟ್ಟಿನಲ್ಲಿ ಅತಿ ಸಣ್ಣದಾದ ಅದೊಂದಕ್ಕೇ ಎಡೆಯಿದೆ. ಅದರ ಬದಲು ಬೇರೊಂದು ಬಂದು ಕೂತರೆ ಹುರಿಯು ಆ ಜಾಗದಲ್ಲಿ ಗಂಟಾಗುತ್ತದೆ. ತೊಟ್ಟಿಲಿನಲ್ಲಿಯೇ ಮೂಳೆ ಮುರಿಯುವ ಕೆಲವು ಶಿಶುಗಳ ದೌರ್ಭಾಗ್ಯದ ಮೂಲ ಅಲ್ಲಿದೆ. ಈ ಹುರಿಗಳು ಒಂದರ ಪಕ್ಕದಲ್ಲೊಂದು ಅಷ್ಟಷ್ಟು ಹಿಂದುಮುಂದಾಗಿ ಜೋಡಿಸಿಕೊಂಡು ನಾರಾಗುತ್ತವೆ, ಇಟ್ಟಿಗೆಯ ವರಸೆಗಳಲ್ಲಿ ಸಂದಿನ ಮೇಲೆ ಸಂದು ಬಾರದಂತೆ ಗಾರೆಯವನು ನೋಡಿಕೊಳ್ಳುವ ಹಾಗೆ.

ಹುರಿ ಗಟ್ಟಿಯಾಗಬೇಕಾದರೆ ಎಳೆಗಳಲ್ಲಿನ ಪ್ರೋಲಿನ್ ಎಂಬ ಅಂಶಕ್ಕೆ ಒಂದು ಸಂಸ್ಕಾರವಾಗಬೇಕು. ಅದಕ್ಕೆ ಸಿ ಜೀವಸತ್ವ ಅಗತ್ಯ. ಹಣ್ಣು ತರಕಾರಿಗಳಿಲ್ಲದೆ ತಿಂಗಳುಗಟ್ಟಲೆ ಕಡಲಿನಲ್ಲಿದ್ದ ನಾವಿಕರ ವಸಡುಗಳು ಕೊಳೆಯುತ್ತಿದ್ದುದು ಇದರ ಅಭಾವದಿಂದ. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯನು ಹನ್ನೆರಡು ಮಂದಿ ರೋಗಿಗಳಲ್ಲಿ ಇಬ್ಬರಿಗೆ ಕಿತ್ತಳೆ ನಿಂಬೆಗಳನ್ನು ಕೊಟ್ಟು, ಅವರು ಬೇಗ ಚೇತರಿಸಿದುದನ್ನು ಕಂಡನು. ಅದಕ್ಕಿಂತ ಕೆಲವು ವರ್ಷ ಹಿಂದೆ ಆನ್ಸನ್ ಎಂಬ ನೌಕಾಧಿಪತಿಯ ಹಡಗುಗಳಲ್ಲಿ ನಡೆದ ಸಂಗತಿಯೊಂದು ನನ್ನನ್ನು ಇಂದಿಗೂ ಬಿಟ್ಟಿಲ್ಲ. ಐವತ್ತು ವರ್ಷದ ಹಿಂದೆ ಯುದ್ಧದಲ್ಲಿ ಗಾಯಗೊಂಡು, ಗುಣಹೊಂದಿ, ಅದನ್ನು ಮರೆತೂಬಿಟ್ಟಿದ್ದ ಮುದುಕನೊಬ್ಬನ ಮೈಮೇಲೆ ಆ ಹಳೆಯ ಗಾಯಗಳು ಮತ್ತೆ ತೆರೆದುಕೊಂಡವಂತೆ. ಮಾದ ಗಾಯವೆಂದರೆ ಮುಗಿದ ಕೆಲಸವೆಂದು ನಾವು ತಿಳಿದಿರುತ್ತೇವೆ. ಅಲ್ಲ, ಕಲೆಯ ನಾರು ಒಂದು ಕಡೆ ಸವೆಯುತ್ತ ಇನ್ನೊಂದು ಕಡೆ ಹೊಸದಾಗುತ್ತ ಇರುವುದರಿಂದಲೇ ಅದು ಮುಚ್ಚಿದೆ. ಹೊಸ ನಾರಿನ ಪೂರೈಕೆ ನಿಂತರೆ ಅರ್ಧ ಶತಮಾನದ ಗಾಯವೂ ನೆನ್ನೆಯದಾಗುತ್ತದೆ. ನೆಲ್ಲಿಕಾಯಿ ಇರುವ ದೇಶದಲ್ಲಿ ಹುಟ್ಟಿದ್ದಕ್ಕೆ ನಾವು ಕೃತಜ್ಞರಾಗಿರಬೇಕು.

ಈ ನಾರನ್ನು ನೂಲುವವರು ಯಾರು? ತಂತುಜನಕ ಕೋಶಗಳು, ಪಾಶ್ಚಾತ್ಯರ ಭಾಷೆಯಲ್ಲಿ ಫೈಬ್ರೋಬ್ಲಾಸ್ಟುಗಳು. ಕದಿರಿನ ಆಕೃತಿಯ ಈ ಕೋಶಗಳು ತಾವೇ ಹೆತ್ತ ನಾರುಗಳ ನಡುವೆ ಮಲಗಿರುತ್ತವೆ. ಕೊಲಾಜೆನನ್ನಷ್ಟೇ ಅಲ್ಲದೆ, ಎಳೆದು ಬಿಟ್ಟರೆ ಮೊದಲಿನಂತಾಗುವ ಎಲಾಸ್ಟಿನ್ ನಾರನ್ನೂ, ಸುತ್ತಲಿನ ಆಧಾರದ್ರವ್ಯವನ್ನೂ ಸ್ರವಿಸುತ್ತವೆ. ಗಾಯವಾದೊಡನೆ ನಿದ್ರೆಯಿಂದೆದ್ದು ಅತ್ತ ತೆವಳಿ, ಮೊದಲು ತೆಳುವಾದ ನಾರಿನಿಂದ ತುರ್ತು ತೇಪೆ ಹಾಕಿ, ಅಂಚುಗಳನ್ನು ಹಿಡಿದು ಜಗ್ಗಿ ಹತ್ತಿರ ತಂದು, ತರುವಾಯ ಗಟ್ಟಿನಾರನ್ನು ನೇಯುತ್ತವೆ. ಆದರೂ ಕಲೆಯು ಮೂಲ ಚರ್ಮದ ಬಲದಲ್ಲಿ ಸುಮಾರು ನೂರಕ್ಕೆ ಎಂಬತ್ತನ್ನು ಮೀರಿ ಪಡೆಯಲಾರದು.

ಆಧಾರದ್ರವ್ಯವನ್ನು ಕುರಿತು ಎರಡು ಮಾತು. ಇದು ಸಕ್ಕರೆಯ ಉದ್ದ ಸರಪಳಿಗಳು ತಮ್ಮ ಗಾತ್ರಕ್ಕೆ ಹಲವು ಪಟ್ಟು ನೀರನ್ನು ಹಿಡಿದಿಟ್ಟ ಲೋಳೆ. ರಕ್ತನಾಳದಿಂದ ಹೊರಟ ಆಹಾರವೂ ಪ್ರಾಣವಾಯುವೂ ಯಾವ ಅವಯವದ ಯಾವ ಕೋಶವನ್ನು ಸೇರಬೇಕಾದರೂ ಈ ಲೋಳೆಯನ್ನು ಹಾದೇ ಹೋಗಬೇಕು. ಊದಿಕೊಂಡ ಕಾಲನ್ನು ವೈದ್ಯನು ಬೆರಳಿನಿಂದ ಒತ್ತಿದಾಗ ಕುಳಿ ಬೀಳುವುದು, ಲೋಳೆಯು ಹಿಡಿಯಲಾರದಷ್ಟು ನೀರು ಅಲ್ಲಿ ಸೇರಿದಾಗ. ಮೃದ್ವಸ್ಥಿಗೆ ರಕ್ತನಾಳವೇ ಇಲ್ಲ. ನಡೆಯುವಾಗ ಮಂಡಿಯ ಮೃದ್ವಸ್ಥಿಯು ಅದುಮಿ ಸಡಿಲಾಗಿ ನೀರನ್ನು ಹಿಂಡಿ ಹೀರುವುದರಿಂದಲೇ ಅದರ ಕೋಶಗಳಿಗೆ ಊಟ. ಅದು ಹರಿದರೆ ಮಾಯುವುದು ದುಸ್ತರವಾಗಿರುವುದೂ ಇದರಿಂದಲೇ.

ಈ ನಾಡಿನ ಇತರ ನಿವಾಸಿಗಳನ್ನು ಬೇಗ ಪರಿಚಯಿಸುತ್ತೇನೆ. ಮೇದಃಕೋಶದ ಒಡಲನ್ನೆಲ್ಲ ಒಂದೇ ಜಿಡ್ಡಿನ ಹನಿ ತುಂಬಿ, ಅದರ ಬೀಜವು ಉಂಗುರದ ಹರಳಿನಂತೆ ಅಂಚಿಗೆ ಒತ್ತಿಹೋಗಿರುತ್ತದೆ. ಇದನ್ನು ಬರಿಯ ಉಗ್ರಾಣವೆಂದು ಎಣಿಸಿದ್ದವರು, 1994ರಲ್ಲಿ ಹಸಿವನ್ನು ಅಡಗಿಸುವ ಲೆಪ್ಟಿನ್ ಎಂಬ ಸಂದೇಶವಾಹಕವು ಇಲ್ಲಿಂದಲೇ ಹೊರಡುವುದೆಂದು ತಿಳಿದಾಗ ಎಣಿಕೆಯನ್ನು ತಿದ್ದಿಕೊಂಡರು. ಇನ್ನು ಮಾಸ್ಟ್ ಕೋಶ. 1878ರಲ್ಲಿ ಪಾಲ್ ಏರ್ಲಿಕ್ ಎಂಬ ಇಪ್ಪತ್ತನಾಲ್ಕರ ಜರ್ಮನ್ ತರುಣನು ಹೊಸ ಬಣ್ಣಗಳನ್ನು ಹಾಕಿ ನೋಡುವಾಗ ಕಣಗಳಿಂದ ಕಿಕ್ಕಿರಿದ ಕೋಶಗಳನ್ನು ಕಂಡು, ಇವು ಚೆನ್ನಾಗಿ ತಿಂದು ಕೊಬ್ಬಿದವೆಂದು ಬಗೆದು ಆ ಹೆಸರಿಟ್ಟನು. ತಿಂದದ್ದಲ್ಲ, ಅದು ಸಿದ್ಧಪಡಿಸಿಟ್ಟ ಮದ್ದುಗುಂಡು. ಅದರಲ್ಲಿ ಮುಖ್ಯವಾದುದು ಹಿಸ್ಟಮೀನ್. ಮೈಮೇಲೆ ಕ್ಷಣಾರ್ಧದಲ್ಲಿ ಎದ್ದು ತುರಿಸುವ ಪಿತ್ತದ ಗಂಧೆ ಇವುಗಳ ಸ್ಫೋಟದ ಫಲ. ನನಗೆ ಗಂಧೆ ಎದ್ದಾಗಲೆಲ್ಲ ಅಜ್ಜಿಯು ಕರಿಯ ಕಂಬಳಿಯಿಂದ ಮೈಯುಜ್ಜುತ್ತಿದ್ದಳು. ಉಜ್ಜಿದರೆ ಮಾಸ್ಟ್ ಕೋಶಗಳು ಇನ್ನಷ್ಟು ಸಿಡಿಯಬಹುದೆಂದು ಓದಿದ ಮೇಲೆಯೂ, ಕಂಬಳಿಯಿಂದ ಆಗ ದೊರೆತ ಸುಖವನ್ನು ಸುಳ್ಳೆನ್ನಲು ನನಗೆ ಧೈರ್ಯವಿಲ್ಲ.

ಮಹಾಭಕ್ಷಕ ಕೋಶಗಳ ಮರ್ಮವನ್ನು ಹಿಡಿದವನು ರಷ್ಯದ ಮೆಚ್ನಿಕಾಫ್. 1882ರಲ್ಲಿ ಸಿಸಿಲಿಯ ಮೆಸ್ಸಿನಾದಲ್ಲಿ ಮನೆಯವರೆಲ್ಲ ಸರ್ಕಸ್ಸಿಗೆ ಹೋಗಿದ್ದಾಗ, ಪಾರದರ್ಶಕವಾದ ನಕ್ಷತ್ರಮೀನಿನ ಮರಿಗಳನ್ನು ನೋಡುತ್ತಿದ್ದ ಆತನಿಗೆ, ಅವುಗಳಲ್ಲಿ ಅಲೆದಾಡುವ ಕೋಶಗಳು ಪಹರೆಯವರಿರಬಹುದೆಂದು ಹೊಳೆಯಿತು. ತೋಟದಿಂದ ಮುಳ್ಳನ್ನು ತಂದು ಮರಿಯ ಮೈಗೆ ಚುಚ್ಚಿದನು. ಬೆಳಗಾಗುವುದರೊಳಗೆ ಕೋಶಗಳು ಮುಳ್ಳನ್ನು ಮುತ್ತಿದ್ದವು. 1908ರ ನೊಬೆಲ್ ಬಹುಮಾನವನ್ನು ಆತನೂ ಏರ್ಲಿಕ್ಕನೂ ಹಂಚಿಕೊಂಡರು. ರಕ್ತದಿಂದ ಕರೆಬಂದಾಗ ಬರುವ ಬಿಳಿಯ ಕೋಶಗಳೂ, ಪ್ರತಿಕಾಯಗಳನ್ನು ತಯಾರಿಸುವ ಪ್ಲಾಸ್ಮಾ ಕೋಶಗಳೂ ಇಲ್ಲಿನ ಅತಿಥಿಗಳು. ರಕ್ತನಾಳದ ಗೋಡೆಯ ಸಂದಿನಲ್ಲಿ ಮೈಯನ್ನು ಕಿರಿದುಮಾಡಿ ಬಿಳಿಯ ಕೋಶಗಳು ಒಂದೊಂದಾಗಿ ನುಸುಳಿ ಬರುವುದನ್ನು ಕಂಡಾಗ ದುರ್ಗದವರಿಗೆ ಓಬವ್ವನ ಕಿಂಡಿ ನೆನಪಾಗದೆ ಇರದು. ಅಲ್ಲಿ ನುಸುಳಿದವರು ವೈರಿಗಳು, ಇಲ್ಲಿ ನುಸುಳುವವರು ಕಾವಲಿನವರು ಎಂಬುದೊಂದೇ ಭೇದ. ಕೋಟೆಯ ಹೋಲಿಕೆಯನ್ನು ಬಿಡುತ್ತೇನೆಂದು ಹೇಳಿದ ಮಾತು ಇಲ್ಲಿ ಭಂಗವಾಯಿತು, ಕ್ಷಮಿಸಬೇಕು.

ಕೊನೆಯದಾಗಿ ಮೂಳೆ, ನಮ್ಮ ಜಿಲ್ಲೆಯ ದೃಷ್ಟಿಯಿಂದ ಇದೇ ಮೊದಲನೆಯದಾಗಬೇಕಾಗಿತ್ತು. ಮೂಳೆಯನ್ನು ಕಲ್ಲೆಂದು ತಿಳಿಯುವುದು ಸಹಜವಾದ ತಪ್ಪು. ಕೋಳಿಯ ಸಣ್ಣ ಮೂಳೆಯನ್ನು ವಿನಿಗರಿನಲ್ಲಿ ಕೆಲವು ದಿವಸ ನೆನೆಯಿಟ್ಟರೆ ಖನಿಜವು ಕರಗಿ ಕೊಲಾಜೆನ್ ಮಾತ್ರ ಉಳಿಯುತ್ತದೆ. ಆಕಾರ ಅದೇ, ಆದರೆ ರಬ್ಬರಿನಂತೆ ಬಾಗುತ್ತದೆ. ಅದೇ ಮೂಳೆಯನ್ನು ಸುಟ್ಟರೆ ನಾರು ಉರಿದು ಖನಿಜವು ಉಳಿಯುತ್ತದೆ. ಆಕಾರ ಆಗಲೂ ಅದೇ, ಆದರೆ ಬೆರಳಿನಿಂದ ಹಿಸುಕಿದರೆ ಪುಡಿ. ಮಸಣದಲ್ಲಿ ಅಸ್ಥಿಸಂಚಯನ ಮಾಡಿದ ಕೈಗಳಿಗೆ ಎರಡನೆಯ ಪ್ರಯೋಗವನ್ನು ಹೇಳಬೇಕಾಗಿಲ್ಲ. ಕಟ್ಟುವ ಕೋಶವೊಂದು, ಕಟ್ಟಡದೊಳಗೆ ಹುದುಗಿ ಕೂದಲೆಳೆಗಿಂತ ಸಣ್ಣ ಕಾಲುವೆಗಳ ಮೂಲಕ ನೆರೆಯವರ ಕೈಹಿಡಿದು ಕುಳಿತ ಕೋಶವೊಂದು, ಕೆಡವುವ ಕೋಶವೊಂದು, ಹೀಗೆ ಮೂವರು ಸೇರಿ ವಯಸ್ಕನ ಅಸ್ಥಿಪಂಜರದಲ್ಲಿ ವರ್ಷಕ್ಕೆ ನೂರಕ್ಕೆ ಹತ್ತರಷ್ಟನ್ನು ಹೊಸದಾಗಿಸುತ್ತಾರೆ. ಮನುಷ್ಯನು ಕುಡಿದ ನೀರು ಮೂಳೆಗೆ ಸೇರುವುದು ಈ ಬಾಗಿಲಿನಿಂದ.

ಮಳೆ ಕಡಿಮೆಯಾಗಿ, ಕೆರೆ ಬತ್ತಿ, ಕೊಳವೆಬಾವಿಗಳು ಗಟ್ಟಿಬಂಡೆಯ ಆಳಕ್ಕೆ ಇಳಿದಂತೆ ಬಂಡೆಯ ಫ್ಲೋರೈಡ್ ಲವಣವು ನೀರಿನೊಡನೆ ಮೇಲೆ ಬಂದಿತು. ಲೀಟರಿಗೆ 1 ಮಿಲಿಗ್ರಾಮಿನೊಳಗೆ ಇರಬೇಕು, ಗತ್ಯಂತರವಿಲ್ಲದಿದ್ದರೆ 1.5 ಎಂಬುದು ನಮ್ಮ ದೇಶದ ಮಾನಕ; ಈ ಜಿಲ್ಲೆಯ ಹಲವಾರು ಹಳ್ಳಿಗಳ ಕೊಳವೆಬಾವಿಗಳು ಅದನ್ನು ಮೀರಿದುವು. ಮಕ್ಕಳ ಹಲ್ಲಿನ ಕಂದುಪಟ್ಟೆಯನ್ನು ಶಾಲೆಯ ಸಾಲಿನಲ್ಲಿಯೇ ಎಣಿಸಬಹುದಾಗಿತ್ತು. ಹಲ್ಲಿನ ಹೊಳಪುಪದರವು ಸಂಯೋಜಕ ಅಂಗಾಂಶವಲ್ಲವೆಂದು ನಿಷ್ಠುರನಾದ ಪರೀಕ್ಷಕನು ಆಕ್ಷೇಪಿಸಬಹುದು, ಒಪ್ಪಿದೆ. ಹಲ್ಲು ಇಲ್ಲಿ ತಮಟೆ ಸಾರುವವನು ಮಾತ್ರ, ವ್ಯಾಜ್ಯವಿರುವುದು ಒಳಗೆ. ಮೂಳೆಯ ಖನಿಜದಲ್ಲಿ ಒಂದು ಅಂಶದ ಎಡೆಯನ್ನು ಫ್ಲೋರೈಡ್ ಆಕ್ರಮಿಸುತ್ತದೆ. ಮೂಳೆಯು ದಪ್ಪವಾಗುತ್ತದೆ, ತೂಕವಾಗುತ್ತದೆ, ಎಕ್ಸ್ ಕಿರಣದ ಚಿತ್ರದಲ್ಲಿ ಅಚ್ಚಬಿಳುಪಾಗುತ್ತದೆ, ಆದರೂ ಪೆಡಸಾಗುತ್ತದೆ. ಅದಕ್ಕಿಂತ ಹೆಚ್ಚಿನ ಕೇಡು ನಡುನಾಡಿನದು: ಬಾಗಬೇಕಾದ ಅಸ್ಥಿರಜ್ಜುಗಳಲ್ಲಿ ಸುಣ್ಣ ಕೂಡಿಕೊಂಡು, ಬೆನ್ನೆಲುಬಿನ ಕೀಲುಗಳು ಬೆಸೆದು, ಗದ್ದೆಯಲ್ಲಿ ಬಗ್ಗಿ ದುಡಿದವನು ಬಗ್ಗಿದಂತೆಯೇ ಉಳಿಯುತ್ತಾನೆ, ಇಲ್ಲವೆ ನೆಟ್ಟಗೆ ನಿಂತವನು ಬಗ್ಗಲಾರನು. ನಮ್ಮ ದೇಶದಲ್ಲಿ ಈ ರೋಗವನ್ನು ಮೊದಲು ವರ್ಣಿಸಿದುದು 1937ರಲ್ಲಿ, ನೆಲ್ಲೂರು ಜಿಲ್ಲೆಯಲ್ಲಿ. ಅಲ್ಲಿನ ರೈತರಿಗೆ ಎತ್ತುಗಳ ಮೈಯಿಂದಲೇ ಇದರ ಸುಳಿವು ತಿಳಿದಿತ್ತೆನ್ನುತ್ತಾರೆ.

ನೋವಿನ ಗುಳಿಗೆಯನ್ನು ವರ್ಷಗಟ್ಟಲೆ ನುಂಗಿ, ವಾಯುವೆಂದು ಎಣ್ಣೆ ಹಚ್ಚಿಸಿಕೊಂಡು, ಕೊನೆಗೆ ನನ್ನ ಬಳಿಗೆ ಬಂದ ಮುದುಕನೊಬ್ಬನಿಗೆ ಯಾವ ನೀರು ಕುಡಿಯುತ್ತೀಯಪ್ಪ ಎಂದು ಅದುವರೆಗೆ ಯಾರೂ ಕೇಳಿರಲಿಲ್ಲ. ನಾನೂ ಮೊದಲ ದಿವಸ ಕೇಳಲಿಲ್ಲ. ಕೀಲನ್ನು ನೋಡಿದೆ, ಕೀಲಿನ ನಡುವೆ ಇರುವುದನ್ನು ನೋಡಲಿಲ್ಲ. ಮೂಳೆಗೆ ಸೇರಿದ ಫ್ಲೋರೈಡ್, ನೀರು ಬದಲಾದ ಮೇಲೆ, ಕೆಡವಿ ಕಟ್ಟುವ ಕೋಶಗಳ ಮಂದಗತಿಗೆ ಅನುಸಾರವಾಗಿ ವರ್ಷಾನುವರ್ಷ ಸ್ವಲ್ಪ ಸ್ವಲ್ಪವೇ ಇಳಿಯುತ್ತದೆ; ಸುಣ್ಣಗಟ್ಟಿದ ರಜ್ಜುವಾದರೋ ಮರಳುವುದು ಕಷ್ಟ. ಮಾರಿಕಣಿವೆಯ ವಾಣಿವಿಲಾಸಸಾಗರದ ಮತ್ತು ಸೂಳೆಕೆರೆಯ ನೀರು ನಲ್ಲಿಯಲ್ಲಿ ಬಂದ ಊರುಗಳಲ್ಲಿ ಮಕ್ಕಳ ಮೂಳೆಗೆ ಅದು ಎಷ್ಟು ದೊಡ್ಡ ಚಿಕಿತ್ಸೆಯೆಂಬುದನ್ನು ಇದರಿಂದ ಊಹಿಸಬಹುದು. 1933ರ ಬಳಿಕ 2022ರಲ್ಲಿ ಮತ್ತೆ ಮಾರಿಕಣಿವೆ ಕೋಡಿ ಬಿದ್ದಾಗ ನೋಡಲು ಹೋದ ಜನಸಾಗರದಲ್ಲಿ ನಾನೂ ಇದ್ದೆ. ಪಕ್ಕದಲ್ಲಿ ನಿಂತು ಬಾಯಿತುಂಬ ನಗುತ್ತಿದ್ದವರ ಹಲ್ಲನ್ನೇ ನೋಡುತ್ತಿದ್ದೆನೆಂದು ಇಂದು ಒಪ್ಪಿಕೊಳ್ಳುತ್ತೇನೆ.

ಹೊರಗಿನ ಪಡಸಾಲೆಯ ಮೇಜಿನ ಮೇಲೆ ಸೂಕ್ಷ್ಮದರ್ಶಕವೊಂದನ್ನು ಇರಿಸಿದೆ. ಗಾಜಿನ ಪಟ್ಟಿಯ ಮೇಲೆ ಇರುವುದು ಆಡಿನ ತೊಗಲಿನ ತೆಳು ಕೊಯ್ತ. ಗುಲಾಬಿಬಣ್ಣದ ಅಲೆಗಳೆಲ್ಲ ಕೊಲಾಜೆನ್. ಅಲ್ಲಲ್ಲಿ ಕಾಣುವ ನೇರಳೆ ಚುಕ್ಕಿಗಳು ಕೋಶಗಳ ಬೀಜಗಳು. ಬಯಲು ಎಷ್ಟು, ಮನೆ ಎಷ್ಟು ಎಂದು ನೀವೇ ಎಣಿಸಿರಿ. ಪಕ್ಕದ ಬಟ್ಟಲಿನಲ್ಲಿ ವಿನಿಗರಿನಲ್ಲಿ ನೆನೆದ ಕೋಳಿಯ ಮೂಳೆಯಿದೆ. ಮಕ್ಕಳು ಅದಕ್ಕೆ ಗಂಟು ಹಾಕಿ ನೋಡಬಹುದು. ಹಾಕಿದವರು ದಯಮಾಡಿ ಬಿಚ್ಚಿಟ್ಟು ಹೋಗಬೇಕು. ಹಿಂದೆ ಸಾಲಿನಲ್ಲಿ ನಿಂತವರಿಗೂ ಇರುವುದು ಅದೊಂದೇ ಮೂಳೆ.